ತಲೆಯೊಳಗೆ ಕೇಳಿಸುವ ಸದ್ದಿಗೆ ವೈದ್ಯರ ಸಲಹೆ ಪಡೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸುತ್ತ ಯಾವ ಸದ್ದೂ ಇಲ್ಲದ ಹೊತ್ತಿನಲ್ಲಿ ಕಿವಿಯಲ್ಲೋ ತಲೆಯ ನಡುವೆಯೋ ಗುಂಯ್ ಎನ್ನುವ, ಸುಯ್ ಎನ್ನುವ ಅಥವಾ ಜೀರುಂಡೆ ಕೂಗಿದಂಥ ಸದ್ದು ಕೇಳಿಸುವುದಕ್ಕೆ ಕಿವಿಮೊರೆತ ಎಂದು ಹೆಸರು. ವೈದ್ಯರ ಚೀಟಿಯಲ್ಲಿ ಅದು ಟಿನ್ನಿಟಸ್ ಆಗಿರುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇರುವುದರಿಂದ ಅಪರೂಪದ ತೊಂದರೆಯೇನೂ ಅಲ್ಲ, ಮತ್ತು ಬಹುಪಾಲು ಮಂದಿಯಲ್ಲಿ ಇದರ ಹಿಂದೆ ಜೀವಕ್ಕೆ ಅಪಾಯ ತರುವ ಕಾರಣವೂ ಇರುವುದಿಲ್ಲ. ಆದರೆ ಕೆಲವರಲ್ಲಿ ಇದೇ ಸದ್ದು ರಕ್ತನಾಳದ ತೊಂದರೆಯ, ಶ್ರವಣ ನರದ ಗಡ್ಡೆಯ ಅಥವಾ ತಡಮಾಡದೆ ಚಿಕಿತ್ಸೆ ಕೊಡಬೇಕಾದ ಹಠಾತ್ ಕಿವುಡಿನ ಮೊದಲ ಸುಳಿವಾಗಿರುತ್ತದೆ.

ತೊಡಕು ಏನೆಂದರೆ, ಬಹುತೇಕ ಸಂದರ್ಭಗಳಲ್ಲಿ ಈ ಸದ್ದನ್ನು ರೋಗಿಯ ಹೊರತು ಬೇರಾರೂ ಕೇಳಲಾರರು. ಜ್ವರಕ್ಕೆ ಥರ್ಮಾಮೀಟರ್ ಇದೆ, ಸಕ್ಕರೆಗೆ ರಕ್ತಪರೀಕ್ಷೆ ಇದೆ. ತಲೆಯೊಳಗಿನ ಸದ್ದನ್ನು ನೇರವಾಗಿ ಅಳೆದು ತೋರಿಸುವ ಯಂತ್ರ ಆಸ್ಪತ್ರೆಗಳಲ್ಲಿ ಇಲ್ಲ. ಹೀಗಾಗಿ ನೀವು ಕೊಡುವ ವಿವರಣೆಯೇ ವೈದ್ಯರ ಕೈಗೆ ಸಿಗುವ ಮೊದಲ ವರದಿ. ‘ಕಿವಿಯಲ್ಲಿ ಏನೋ ಸೌಂಡ್ ಬರ್ತಿದೆ ಡಾಕ್ಟ್ರೇ’ ಎಂಬಷ್ಟಕ್ಕೇ ಮಾತು ಮುಗಿದರೆ ವಿಟಮಿನ್ ಮಾತ್ರೆಯ ಚೀಟಿಯೋ ಬೇಕಿಲ್ಲದ ಸ್ಕ್ಯಾನಿಂಗೋ ಕೈಗೆ ಬರುವ ಸಂಭವ ಹೆಚ್ಚು. ಆದ್ದರಿಂದ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಆ ವಿವರಣೆ ಸಿದ್ಧಪಡಿಸಿಕೊಳ್ಳುವ ಬಗೆಗೇ ಮೀಸಲಿಟ್ಟಿದ್ದೇನೆ.

ಹೆಜ್ಜೆ 1: ಕಾಯಬಾರದ ಲಕ್ಷಣಗಳಿವೆಯೇ ನೋಡಿ

ಸದ್ದಿನ ಜೊತೆಗೆ ಮುಖ ಒಂದು ಕಡೆಗೆ ಸೊಟ್ಟಗಾಗಿದ್ದರೆ, ಕೈಕಾಲಿನ ಬಲ ಕುಂದಿದ್ದರೆ, ಮಾತು ತೊದಲುತ್ತಿದ್ದರೆ, ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೇ ಬಡಿದಿದ್ದರೆ ಅಥವಾ ನಿಲ್ಲಲಾಗದಷ್ಟು ತಲೆ ಸುತ್ತುತ್ತಿದ್ದರೆ ಕಿವಿಯ ವೈದ್ಯರನ್ನು ಹುಡುಕುತ್ತಾ ಕೂರಬಾರದು. 108ಕ್ಕೆ ಕರೆ ಮಾಡಿ ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ತಲೆಗೆ ಪೆಟ್ಟು ಬಿದ್ದ ನಂತರ ಸದ್ದು ಆರಂಭವಾಗಿ, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಅಥವಾ ನೀರಿನಂಥ ದ್ರವ ಬರುತ್ತಿದ್ದರೂ ಇದೇ ದಾರಿ.

ಎರಡನೆಯ ತುರ್ತನ್ನು ಜನ ಬಹಳ ಸಲ ಕಡೆಗಣಿಸುತ್ತಾರೆ. ಬೆಳಗ್ಗೆ ಏಳುವಾಗ ಒಂದು ಕಿವಿ ಕಟ್ಟಿಕೊಂಡಂತಾಗಿ, ಅದರಲ್ಲಿ ಜೋರಾದ ಮೊರೆತ ಕೇಳಿಸುತ್ತದೆ. ನೆಗಡಿ ಇರಬೇಕು, ಸ್ನಾನ ಮಾಡುವಾಗ ನೀರು ಹೋಗಿರಬೇಕು ಎಂದು ವಾರಗಟ್ಟಲೆ ಸುಮ್ಮನಿರುತ್ತಾರೆ. ಇದು ಹಠಾತ್ ನರಸಂಬಂಧಿ ಕಿವುಡಾಗಿದ್ದರೆ ಸ್ಟೆರಾಯ್ಡ್ ಚಿಕಿತ್ಸೆಯನ್ನು ಸಾಧ್ಯವಾದಷ್ಟು ಬೇಗ, ಎರಡು ವಾರ ಕಳೆಯುವ ಮೊದಲೇ ಆರಂಭಿಸಬೇಕು. ದಿನ ಕಳೆದಂತೆ ಶ್ರವಣ ಮರಳುವ ಅವಕಾಶ ಕಡಿಮೆಯಾಗುತ್ತದೆ. ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ: ಬಾಯಿ ಮುಚ್ಚಿ ‘ಮ್‌ಮ್‌ಮ್’ ಎಂದು ನಾದ ಹೊರಡಿಸಿ, ಅದು ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆಂದು ಗಮನಿಸಿ. ಕಟ್ಟಿಕೊಂಡ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ನೀರೋ ಅಡ್ಡವಿರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಯ ಕಡೆಗೆ ಸರಿದರೆ ನರಕ್ಕೆ ಪೆಟ್ಟಾಗಿರಬಹುದು. ಈ ಪರೀಕ್ಷೆ ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಫಲಿತಾಂಶ ಏನೇ ಇರಲಿ, ಒಂದು ಕಿವಿ ಒಮ್ಮೆಲೇ ಮಂದವಾದರೆ ಅದೇ ದಿನ ಅಥವಾ ಮರುದಿನ ಇಎನ್‌ಟಿ ತಜ್ಞರನ್ನು ಕಾಣಬೇಕು. ಅಪಾಯಿಂಟ್‌ಮೆಂಟ್ ಕೇಳುವಾಗ ‘ಕಿವಿಯಲ್ಲಿ ಸದ್ದು’ ಎನ್ನದೆ ‘ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲ’ ಎಂದೇ ಹೇಳಿ.

ಸದ್ದಿನ ಕಾಟದಿಂದ ಬದುಕೇ ಬೇಡವೆನಿಸುತ್ತಿದ್ದರೆ ಅದೂ ತುರ್ತೇ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 2: ಸದ್ದು ನಿಜಕ್ಕೂ ಒಳಗಿನದೇ?

ಇದಕ್ಕೆ ಅರ್ಧ ಗಂಟೆ ಸಾಕು. ರಾತ್ರಿ ಮನೆಯ ಮೇನ್ ಸ್ವಿಚ್ ಆರಿಸಿ ಕೇಳಿ. ಯುಪಿಎಸ್ ಅನ್ನು ಪ್ರತ್ಯೇಕವಾಗಿ ಆರಿಸಲು ಮರೆಯಬೇಡಿ. ಫ್ರಿಡ್ಜ್, ಪಕ್ಕದ ಕಟ್ಟಡದ ನೀರಿನ ಮೋಟಾರು, ಬೀದಿಯ ಟ್ರಾನ್ಸ್‌ಫಾರ್ಮರ್ ಇವುಗಳ ಗುಂಯ್‌ಗುಡುವಿಕೆ ನಿಶ್ಶಬ್ದದಲ್ಲಿ ತಲೆಯೊಳಗಿನಿಂದಲೇ ಬಂದಂತೆ ತೋರುತ್ತದೆ. ಮನೆಯ ಮತ್ತೊಬ್ಬರಿಗೆ ಕೇಳುತ್ತದೆಯೇ ಎಂದು ವಿಚಾರಿಸಿ. ಬೇರೆ ಊರಿನಲ್ಲಿ ಮಲಗಿದಾಗಲೂ ಅದೇ ಸದ್ದು ಇದ್ದರೆ ಅದು ನಿಮ್ಮೊಳಗಿನದೇ.

ಒಳಗಿನದಾದ ಮಾತ್ರಕ್ಕೆ ಕಾಯಿಲೆ ಎಂದೇನೂ ಅಲ್ಲ. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಚೆನ್ನಾಗಿ ಕಿವಿ ಕೇಳುವ 80 ವಯಸ್ಕರನ್ನು ಶಬ್ದನಿರೋಧಕ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದಾಗ ಅವರಲ್ಲಿ ಶೇ. 94 ಮಂದಿ ಏನಾದರೊಂದು ಸದ್ದು ಕೇಳಿಸಿತು ಎಂದರು. ಆ ಅಧ್ಯಯನ ಪ್ರಕಟವಾದದ್ದು 1953ರಲ್ಲಿ. ಮಲಗಿದಾಗ ಮಾತ್ರ ಮೊರೆತ ಹೆಚ್ಚಾಯಿತೆಂದು ಹೆದರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಹೆಜ್ಜೆ 3: ಸದ್ದಿನ ಜಾತಿಯನ್ನು ಗುರುತಿಸಿ

ಇಡೀ ಪ್ರಕ್ರಿಯೆಯಲ್ಲಿ ಇದೇ ಮುಖ್ಯ ಹೆಜ್ಜೆ, ಮತ್ತು ಜನ ಬಿಟ್ಟುಬಿಡುವುದೂ ಇದನ್ನೇ.

ಮೊದಲು ಲಯವನ್ನು ನೋಡಿ. ಶಾಂತವಾಗಿ ಕುಳಿತು, ಕೇಳಿಸುತ್ತಿರುವ ಸದ್ದಿನ ಏರಿಳಿತಕ್ಕೆ ತಕ್ಕಂತೆ ಬಲಗೈ ಬೆರಳಿನಿಂದ ಮೇಜನ್ನು ತಟ್ಟುತ್ತಾ ಹೋಗಿ. ಅದೇ ಹೊತ್ತಿಗೆ ಮನೆಯವರೊಬ್ಬರು ನಿಮ್ಮ ಎಡ ಮಣಿಕಟ್ಟಿನ ನಾಡಿ ಹಿಡಿದು ಎರಡೂ ಕೂಡುತ್ತವೆಯೇ ಎಂದು ಗಮನಿಸಲಿ. ಬಳಿಕ ಒಂದು ಮಹಡಿ ಹತ್ತಿಳಿದು, ನಾಡಿ ಚುರುಕಾದಾಗ ಮತ್ತೊಮ್ಮೆ ನೋಡಿ. ಸದ್ದೂ ನಾಡಿಯೊಂದಿಗೇ ಚುರುಕಾದರೆ ಅದು ನಾಡಿಮಿಡಿತದ ಕಿವಿಮೊರೆತ. ಇದರ ಕಾರಣಗಳು ಬೇರೆಯೇ: ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಗರ್ಭಾವಸ್ಥೆ, ಏರಿದ ರಕ್ತದೊತ್ತಡ, ಕುತ್ತಿಗೆಯ ರಕ್ತನಾಳ ಕಿರಿದಾಗಿರುವುದು, ಮೆದುಳಿನ ಹೊದಿಕೆಯಲ್ಲಿ ಅಪಧಮನಿಗೂ ಅಭಿಧಮನಿಗೂ ಅಸಹಜ ಕೂಡಿಕೆ ಉಂಟಾಗಿರುವುದು, ಮಧ್ಯಕಿವಿಯಲ್ಲಿ ರಕ್ತನಾಳಗಳಿಂದ ತುಂಬಿದ ಗಡ್ಡೆ. ನಾಡಿಯೊಂದಿಗೆ ಮಿಡಿಯುವ ಸದ್ದಿನ ಜೊತೆ ತಲೆನೋವು, ಬಗ್ಗಿದಾಗ ಕಣ್ಣಿಗೆ ಕತ್ತಲೆ ಕವಿಯುವುದು ಇದ್ದರೆ ತಲೆಬುರುಡೆಯೊಳಗಿನ ಒತ್ತಡ ಏರಿರಬಹುದು. ಮೈತೂಕ ಹೆಚ್ಚಿರುವ ಯುವತಿಯರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ದೃಷ್ಟಿಯನ್ನೇ ಕಸಿಯಬಲ್ಲದು, ಹಾಗಾಗಿ ಒಂದೆರಡು ದಿನಗಳಲ್ಲೇ ಕಣ್ಣಿನ ಹಿಂಭಾಗದ ಪರೀಕ್ಷೆ ಆಗಬೇಕು. ಕುತ್ತಿಗೆಯನ್ನು ಒತ್ತಿದರೆ ಸದ್ದು ನಿಲ್ಲುತ್ತದೆಯೇ ಎಂದು ವೈದ್ಯರು ಪರೀಕ್ಷಿಸುವುದುಂಟು. ಅದನ್ನು ಅವರಿಗೇ ಬಿಡಿ, ವಯಸ್ಸಾದವರಂತೂ ಸ್ವತಃ ಒತ್ತಿಕೊಳ್ಳಲೇಬಾರದು.

ಎರಡನೆಯದು, ಬದಿ. ಎರಡೂ ಕಿವಿಯಲ್ಲಿ ಒಂದೇ ಸಮನೆ ಕೇಳುವ ಮೊರೆತ ಹೆಚ್ಚಾಗಿ ವಯಸ್ಸಿನಿಂದ ಅಥವಾ ಗದ್ದಲದಿಂದ ಶ್ರವಣ ಕುಂದಿದ್ದರ ಫಲ. ಒಂದೇ ಕಿವಿಯಲ್ಲಿ ಬಿಡದೆ ಕೇಳಿಸಿದರೆ ಅದನ್ನು ಒತ್ತಿ ಹೇಳಬೇಕು, ಏಕೆಂದರೆ ಶ್ರವಣ ನರದ ಮೇಲೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಯನ್ನು ತಳ್ಳಿಹಾಕಬೇಕಾದದ್ದು ಇಂಥವರಲ್ಲೇ. ಆ ಗಡ್ಡೆ ವಿರಳ. ಆದರೂ ಕೇಳದೆ ಬಿಡುವಂತಿಲ್ಲ. ಒಂದು ಕಿವಿಯ ಮೊರೆತದ ಜೊತೆ ಕಿವಿ ತುಂಬಿದಂತಾಗಿ, ಆಗಾಗ ಗಂಟೆಗಟ್ಟಲೆ ಸುತ್ತಮುತ್ತಲಿನದೆಲ್ಲ ತಿರುಗಿದಂತಾಗುತ್ತಿದ್ದರೆ ವೈದ್ಯರು ಮೆನಿಯೇರ್ ಎಂಬ ಒಳಕಿವಿಯ ಕಾಯಿಲೆಯ ಕಡೆಗೆ ಯೋಚಿಸುತ್ತಾರೆ.

ಟಕ್ ಟಕ್ ಎಂದು ಬಿಟ್ಟುಬಿಟ್ಟು ಬರುವ, ನಾಡಿಗೆ ಹೊಂದದ ಸದ್ದಾದರೆ ಮಧ್ಯಕಿವಿಯ ಅಥವಾ ಅಂಗುಳಿನ ಪುಟ್ಟ ಸ್ನಾಯುಗಳು ಅದುರುತ್ತಿರಬಹುದು. ದವಡೆ ಬಿಗಿದಾಗ ಅಥವಾ ಕುತ್ತಿಗೆ ಹೊರಳಿಸಿದಾಗ ಸದ್ದಿನ ಮಟ್ಟ ಬದಲಾದರೆ ದವಡೆಯ ಕೀಲನ್ನೋ ಕುತ್ತಿಗೆಯನ್ನೋ ಪರೀಕ್ಷಿಸಬೇಕಾಗುತ್ತದೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಅದನ್ನೂ ತಿಳಿಸಿ. ಸ್ವಂತ ಹೆಜ್ಜೆಯ ಸಪ್ಪಳ, ಕಣ್ಣು ಹೊರಳುವ ಸದ್ದು ತಲೆಯೊಳಗೆ ಕೇಳುತ್ತದೆ ಎಂದು ಹೇಳಲು ಜನ ಸಂಕೋಚಪಡುತ್ತಾರೆ, ಹುಚ್ಚೆಂದುಕೊಂಡಾರು ಎಂಬ ಅಳುಕು. ಒಳಕಿವಿಯ ಅರ್ಧವೃತ್ತಾಕಾರದ ನಾಳದ ಮೇಲಿನ ಮೂಳೆಯಲ್ಲಿ ಬಿರುಕಿದ್ದರೆ ನಿಜಕ್ಕೂ ಹಾಗೆ ಕೇಳುತ್ತದೆ; ಅಮೆರಿಕದ ವೈದ್ಯ ಲಾಯ್ಡ್ ಮೈನರ್ 1998ರಲ್ಲಿ ಇದನ್ನು ವಿವರಿಸಿದರು.

ನಿದ್ದೆಗೆ ಜಾರುವ ಕ್ಷಣದಲ್ಲಿ ತಲೆಯೊಳಗೆ ಢಮ್ಮೆಂದು ಸಿಡಿದಂತಾಗಿ ಎಚ್ಚರವಾಗುವುದು, ನೋವಿಲ್ಲದಿದ್ದರೆ, ಸಾಮಾನ್ಯವಾಗಿ ನಿರಪಾಯಕಾರಿ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್’ ಎಂಬ ಗಾಬರಿಯ ಹೆಸರಿದ್ದರೂ ಅದರಲ್ಲಿ ಏನೂ ಸಿಡಿಯುವುದಿಲ್ಲ.

ಕೊನೆಯದಾಗಿ, ಸದ್ದಿಗೆ ಅರ್ಥವಿದೆಯೇ? ಕಿವಿ ಮಂದವಾದ ಹಿರಿಯರಿಗೆ ಹಳೆಯ ಹಾಡು, ಭಜನೆ, ಬ್ಯಾಂಡಿನ ಸದ್ದು ಸ್ಪಷ್ಟವಾಗಿ ಕೇಳಿಸುವುದುಂಟು. ಹೊರಗಿನ ಸದ್ದು ಕಡಿಮೆಯಾದಾಗ ಮೆದುಳು ತಾನೇ ತುಂಬಿಕೊಳ್ಳುವ ಸಂಗೀತವದು, ಹಲವರಲ್ಲಿ ಶ್ರವಣ ಸಾಧನ ಹಾಕಿದ ಮೇಲೆ ತಗ್ಗುತ್ತದೆ. ಆದರೆ ಎಚ್ಚರವಿರುವಾಗ ಯಾರೋ ಮಾತನಾಡಿದಂತೆ, ಬೈದಂತೆ, ಅಪ್ಪಣೆ ಕೊಟ್ಟಂತೆ ಕೇಳುತ್ತಿದ್ದರೆ ಇಎನ್‌ಟಿ ತಜ್ಞರಿಗಿಂತ ಮನೋವೈದ್ಯರ ಬಳಿ ಹೋಗಬೇಕು. ಇದನ್ನು ಗಾಳಿ ಸೋಕಿದ್ದು ಎಂದು ತಿಂಗಳುಗಟ್ಟಲೆ ಮಂತ್ರವಾದಿಯ ಬಳಿಗೆ ಅಲೆಯುವ ಕುಟುಂಬಗಳು ಇಂದಿಗೂ ಇವೆ. ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು, ಆದರೆ ಅದರ ನೆಪದಲ್ಲಿ ಚಿಕಿತ್ಸೆ ಮುಂದೆ ಹೋಗಬಾರದು. ಚಿಕಿತ್ಸೆ ಬೇಗ ಆರಂಭವಾದಷ್ಟೂ ಗುಣ ಹೆಚ್ಚು. ಅರೆನಿದ್ದೆಯಲ್ಲಿ ಒಮ್ಮೊಮ್ಮೆ ಯಾರೋ ಹೆಸರು ಕರೆದಂತಾಗುವುದು ಈ ಗುಂಪಿಗೆ ಸೇರುವುದಿಲ್ಲ.

ಹೆಜ್ಜೆ 4: ಒಂದೇ ಪುಟದಲ್ಲಿ ಬರೆದುಕೊಳ್ಳಿ

ಹೊರರೋಗಿ ವಿಭಾಗದಲ್ಲಿ ವೈದ್ಯರು ನಿಮ್ಮೊಂದಿಗೆ ಮಾತನಾಡಲು ಸಿಗುವುದು ಕೆಲವೇ ನಿಮಿಷ. ಹಿಂದಿನ ಹೆಜ್ಜೆಯಲ್ಲಿ ಗಮನಿಸಿದ್ದನ್ನೆಲ್ಲ ಒಂದು ಪುಟಕ್ಕೆ ಇಳಿಸಿಕೊಳ್ಳಿ. ಕಾಲ್ಪನಿಕ ಉದಾಹರಣೆಯೊಂದು ಹೀಗಿರಬಹುದು:

‘ಎಡಗಿವಿ ಮಾತ್ರ. ಯುಗಾದಿ ಕಳೆದ ವಾರದಿಂದ. ಸುಯ್ ಎಂದು ಒಂದೇ ಸಮನೆ, ನಾಡಿಗೆ ಹೊಂದುವುದಿಲ್ಲ. ರಾತ್ರಿ ಹೆಚ್ಚು, ಬಸ್ಸಿನಲ್ಲಿ ಗೊತ್ತಾಗುವುದಿಲ್ಲ. ಫೋನನ್ನು ಎಡಗಿವಿಗೆ ಹಿಡಿದರೆ ಮಾತು ಬಿಡಿಸಿ ತಿಳಿಯುವುದಿಲ್ಲ. ತಲೆಸುತ್ತು ಇಲ್ಲ. ವಿದ್ಯುತ್ ಮಗ್ಗದಲ್ಲಿ 15 ವರ್ಷ ಕೆಲಸ. ಬಿಪಿ ಮಾತ್ರೆ ದಿನಕ್ಕೊಂದು. ನಿದ್ದೆ ಕೆಡುತ್ತಿದೆ. ಮೆದುಳಿನಲ್ಲಿ ಗಡ್ಡೆ ಇರಬಹುದೇ ಎಂಬ ಭಯ.’

ಕೊನೆಯ ವಾಕ್ಯವನ್ನು ಬಿಡಬೇಡಿ. ನಿಮ್ಮ ಭಯ ಏನೆಂದು ಗೊತ್ತಾದರೆ ಮಾತ್ರ ವೈದ್ಯರು ಅದಕ್ಕೆ ನೇರವಾಗಿ ಉತ್ತರಿಸಲು ಸಾಧ್ಯ.

ಕೆಲಸದ ಮತ್ತು ಗದ್ದಲದ ಇತಿಹಾಸ ಬರೆಯುವಾಗ ಮಗ್ಗ, ಗರಗಸದ ಮಿಲ್ಲು, ಕಲ್ಲು ಕ್ವಾರಿ ಮಾತ್ರವಲ್ಲ, ಡಿಜೆ, ಪಟಾಕಿ, ವರ್ಷಗಟ್ಟಲೆ ಬಾರಿಸಿದ ತಮಟೆ, ಡೊಳ್ಳು, ಚೆಂಡೆ, ಇಯರ್‌ಫೋನ್ ಎಲ್ಲವೂ ಸೇರಲಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಸದ್ದು ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು.

ಔಷಧಗಳ ಪಟ್ಟಿ ಕೊಡುವುದಕ್ಕಿಂತ ಮಾತ್ರೆಯ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗುವುದು ಸುಲಭ. ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಮಲೇರಿಯಾದ ಕ್ವಿನೈನ್, ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಇವು ಕಿವಿಗೆ ತೊಂದರೆ ಕೊಡಬಲ್ಲವು. ಹಾಗೆಂದು ಹೃದಯಕ್ಕಾಗಿ ತೆಗೆದುಕೊಳ್ಳುವ ಸಣ್ಣ ಆಸ್ಪಿರಿನ್ ಮಾತ್ರೆಯನ್ನೋ ಕ್ಷಯದ ಔಷಧವನ್ನೋ ನೀವಾಗಿ ನಿಲ್ಲಿಸಿದರೆ ಕಿವಿಮೊರೆತಕ್ಕಿಂತ ದೊಡ್ಡ ಅಪಾಯಕ್ಕೆ ಸಿಲುಕುತ್ತೀರಿ.

ಹೆಜ್ಜೆ 5: ಯಾರ ಬಳಿ ಹೋಗಬೇಕು

ತುರ್ತು ಲಕ್ಷಣವಿಲ್ಲದಿದ್ದರೆ ಊರಿನ ಎಂಬಿಬಿಎಸ್ ವೈದ್ಯರಿಂದಲೇ ಆರಂಭಿಸಬಹುದು: ಬಿಪಿ ನೋಡುವುದು, ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಎಂದು ಪರೀಕ್ಷಿಸುವುದು, ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆಯ ಪರೀಕ್ಷೆ ಬರೆಯುವುದು ಅಲ್ಲೇ ಆಗುತ್ತದೆ. ಗುಗ್ಗೆ ತೆಗೆದ ಕೂಡಲೇ ಸದ್ದು ನಿಂತು ಪ್ರಯಾಣ ಅಲ್ಲಿಗೇ ಮುಗಿಯುವುದೂ ಅಪರೂಪವಲ್ಲ. ಸದ್ದು ಒಂದೇ ಬದಿಗಿದ್ದರೆ, ನಾಡಿಯೊಂದಿಗೆ ಮಿಡಿಯುತ್ತಿದ್ದರೆ, ಕಿವಿ ಮಂದವಾಗಿದ್ದರೆ ಅಥವಾ ಬಿಡದೆ ಕಾಡುತ್ತಿದ್ದರೆ ಇಎನ್‌ಟಿ ತಜ್ಞರನ್ನು ಕಾಣಬೇಕು; ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗವಿರುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ರೆಫರಲ್ ಪತ್ರ, ಆಧಾರ್, ಪಡಿತರ ಚೀಟಿ ಒಯ್ದರೆ ಸರ್ಕಾರಿ ಯೋಜನೆಗಳ ನೆರವು ಕೇಳಲು ಅನುಕೂಲ.

ಶ್ರವಣದ ವಿಷಯದಲ್ಲಿ ನಮ್ಮ ರಾಜ್ಯಕ್ಕೊಂದು ಭಾಗ್ಯವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದ್ದು, ಶ್ರವಣ ಪರೀಕ್ಷೆಯಿಂದ ಶ್ರವಣ ಸಾಧನದವರೆಗಿನ ಸೇವೆ ಒಂದೇ ಕಡೆ ಸಿಗುತ್ತದೆ. ನರಸಂಬಂಧಿ ಅಥವಾ ಮಾನಸಿಕ ಕಾರಣದ ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ.

ಹೆಜ್ಜೆ 6: ಪರೀಕ್ಷೆಗಳನ್ನು ಅರ್ಥಮಾಡಿಕೊಳ್ಳಿ

ಇಎನ್‌ಟಿ ತಜ್ಞರು ಕಿವಿಯೊಳಗೆ ನೋಡಿ, ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೀಟಿ ಹಣೆಯ ಮೇಲೂ ಕಿವಿಯ ಹಿಂದೆಯೂ ಇಡುತ್ತಾರೆ. ನಾಡಿಮಿಡಿತದ ಸದ್ದಾದರೆ ಕುತ್ತಿಗೆ ಮತ್ತು ಕಿವಿಯ ಹಿಂಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಆಲಿಸಬೇಕು. ಅವರು ಮರೆತರೆ ನೀವೇ ವಿನಯದಿಂದ ನೆನಪಿಸಿ. ರಕ್ತನಾಳದ ಸದ್ದು ಕೆಲವೊಮ್ಮೆ ವೈದ್ಯರಿಗೂ ಕೇಳಿಸುತ್ತದೆ, ಮತ್ತು ಆಗ ರೋಗನಿರ್ಣಯದ ದಾರಿಯೇ ಬದಲಾಗುತ್ತದೆ.

ಬಳಿಕ ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆ. ಸದ್ದು ಹೊಗದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೈಗೆ ಗುಂಡಿ ಕೊಡುತ್ತಾರೆ. 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳು ಒಂದೊಂದಾಗಿ, ಕ್ರಮೇಣ ಸಣ್ಣದಾಗುತ್ತಾ ಬರುತ್ತವೆ. ಕೇಳಿತೋ ಇಲ್ಲವೋ ಎಂಬಷ್ಟು ಸೂಕ್ಷ್ಮವಾದಾಗಲೂ ಗುಂಡಿ ಒತ್ತಬೇಕು. ನಿಮ್ಮ ಒಳಗಿನ ಮೊರೆತ ಆ ಸ್ವರದೊಂದಿಗೆ ಬೆರೆತು ಗೊಂದಲವಾಗಬಹುದು, ಹಾಗಾಗಿ ಯಾವ ಕಿವಿಯಲ್ಲಿ ಎಂಥ ಸದ್ದಿದೆ ಎಂದು ಈ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್‌ಗೆ ಮೊದಲೇ ಹೇಳಿದರೆ ಅವರು ಬಿಟ್ಟುಬಿಟ್ಟು ಬರುವ ಸ್ವರವನ್ನು ಬಳಸುತ್ತಾರೆ. ವರದಿಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ ಇರುತ್ತದೆ. ಗೆರೆ ಕೆಳಗಿಳಿದಷ್ಟೂ ಶ್ರವಣ ಕಡಿಮೆ. 4000 ಹರ್ಟ್ಸ್ ಆಸುಪಾಸಿನಲ್ಲಿ ಮಾತ್ರ ತಗ್ಗು ಕಂಡರೆ ಅದು ಗದ್ದಲದ ಗುರುತು. ಕಿವಿತಮಟೆಯ ಚಲನೆ ಅಳೆಯುವ ಟಿಂಪನೋಮೆಟ್ರಿಯೂ ಜೊತೆಗೇ ಆಗುತ್ತದೆ.

ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ ಒಂದೇ ಬದಿಯ ಮೊರೆತ, ನಾಡಿಮಿಡಿತದ ಮೊರೆತ, ಎರಡು ಕಿವಿಗಳ ಶ್ರವಣದಲ್ಲಿ ವ್ಯತ್ಯಾಸ ಅಥವಾ ನರವ್ಯೂಹದ ತೊಂದರೆಯ ಲಕ್ಷಣವಿದ್ದಾಗ ಮಾತ್ರ ಸ್ಕ್ಯಾನ್ ಮಾಡಿಸಲು ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ, ಆಡಿಯೋಗ್ರಾಮ್ ಆಗುವ ಮೊದಲೇ ಸಾವಿರಾರು ರೂಪಾಯಿ ತೆತ್ತು ಎಂಆರ್‌ಐ ಮಾಡಿಸುವುದು ತಲೆಕೆಳಗಾದ ಕ್ರಮ. ನಾಡಿಮಿಡಿತದವರಿಗೆ ಸಾದಾ ಎಂಆರ್‌ಐ ಸಾಲದೆ ರಕ್ತನಾಳದ ಚಿತ್ರಣವೂ ಬೇಕಾಗಬಹುದು. ಸ್ಕ್ಯಾನಿಂಗ್ ಕೇಂದ್ರದ ಚೀಟಿಯಲ್ಲಿ ‘ನಾಡಿಯೊಂದಿಗೆ ಮಿಡಿಯುವ ಸದ್ದು’ ಎಂದು ಬರೆದಿದೆಯೇ ನೋಡಿಕೊಳ್ಳಿ.

ಹೆಜ್ಜೆ 7: ಚಿಕಿತ್ಸೆಯ ಬಗ್ಗೆ ಕೇಳಬೇಕಾದದ್ದು

ಕಾರಣ ಸಿಕ್ಕಿದರೆ ಚಿಕಿತ್ಸೆ ಆ ಕಾರಣಕ್ಕೆ. ಸಿಗದಿದ್ದರೆ, ಅಥವಾ ಕಾರಣ ಶ್ರವಣ ನಷ್ಟವೇ ಆಗಿದ್ದರೆ, ಮೊರೆತವನ್ನೇ ಅಳಿಸಿಹಾಕುತ್ತದೆ ಎಂದು ಸಾಬೀತಾದ ಮಾತ್ರೆ ಇಲ್ಲ. ಬೀಟಾಹಿಸ್ಟಿನ್ ಬರೆದುಕೊಟ್ಟರೆ ಅದು ತಲೆಸುತ್ತಿಗೋ ಮೊರೆತಕ್ಕೋ ಎಂದು ಕೇಳಿ. ಕೇವಲ ಮೊರೆತಕ್ಕೆ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಆಧಾರ ದೊರೆತಿಲ್ಲ. ಗಿಂಕೊ ಎಂಬ ಗಿಡಮೂಲಿಕೆಯ ಮಾತ್ರೆ, ಜಿಂಕ್ ಮಾತ್ರೆಗಳನ್ನು ಮೊರೆತಕ್ಕಾಗಿ ಕೊಡಬಾರದೆಂದು ಅದೇ 2014ರ ಮಾರ್ಗಸೂಚಿ ಹೇಳುತ್ತದೆ.

ಕೇಳಲೇಬೇಕಾದ ಪ್ರಶ್ನೆಗಳು ಮೂರು: ನನ್ನ ಶ್ರವಣ ಎಷ್ಟು ಕುಂದಿದೆ, ಶ್ರವಣ ಸಾಧನದಿಂದ ಸದ್ದು ತಗ್ಗಬಹುದೇ? ಯಾವ ಅಪಾಯಕಾರಿ ಕಾರಣಗಳನ್ನು ತಳ್ಳಿಹಾಕಿದ್ದೀರಿ? ನಿದ್ದೆ ಮತ್ತು ಆತಂಕಕ್ಕೆ ಯಾರನ್ನು ಕಾಣಲಿ? ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊರೆತದ ಕಾಟವನ್ನು ತಗ್ಗಿಸುವಲ್ಲಿ ಹೆಚ್ಚಿನ ಆಧಾರವಿರುವುದು ಅರಿವು–ವರ್ತನೆ ಚಿಕಿತ್ಸೆಗೆ. ಸಿಬಿಟಿ ಎಂದರೆ ಮನಃಶಾಸ್ತ್ರಜ್ಞರಿಗೆ ತಿಳಿಯುತ್ತದೆ. ಅವರ ಬಳಿ ಕಳಿಸಿದರೆ ‘ನಿಮಗೆ ಭ್ರಮೆ’ ಎಂದಂತಲ್ಲ: ಸದ್ದು ಇದ್ದೂ ಮೆದುಳು ಅದನ್ನು ಗಣನೆಗೆ ತೆಗೆದುಕೊಳ್ಳದಂತೆ ಆಗುವುದು ಈ ಚಿಕಿತ್ಸೆಯ ಗುರಿ. ಮಲಗುವ ಕೋಣೆಯಲ್ಲಿ ಫ್ಯಾನಿನ ಅಥವಾ ಮೊಬೈಲಿನಲ್ಲಿ ಸಿಗುವ ಮಳೆಯ ಸದ್ದನ್ನು ಮೊರೆತಕ್ಕಿಂತ ಸ್ವಲ್ಪ ಕಡಿಮೆ ಮಟ್ಟದಲ್ಲಿ ಇಟ್ಟುಕೊಳ್ಳುವುದು ಇಂದು ರಾತ್ರಿಯಿಂದಲೇ ಮಾಡಬಹುದಾದ ಕೆಲಸ.

ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಹಾಕುವುದು, ಹೇರ್‌ಪಿನ್, ಬಡ್ಸ್ ತೂರಿಸುವುದು, ಬಸ್ ನಿಲ್ದಾಣದ ಬಳಿ ಕಿವಿ ಶುಚಿ ಮಾಡುವವರಿಗೆ ಕಿವಿ ಒಡ್ಡುವುದು ಬೇಡ. ಕಿವಿತಮಟೆಯಲ್ಲಿ ತೂತಿದ್ದರೆ ಒಂದು ಹನಿ ಎಣ್ಣೆಯೂ ಮಧ್ಯಕಿವಿಗೆ ಇಳಿಯುತ್ತದೆ.

ಹೆಜ್ಜೆ 8: ಮರುಭೇಟಿ

ಆಡಿಯೋಗ್ರಾಮ್ ಮೂಲ ಪ್ರತಿ ಮತ್ತು ಸ್ಕ್ಯಾನಿನ ಸಿಡಿಯನ್ನು ಒಂದೇ ಫೈಲಿನಲ್ಲಿಡಿ. ಮುಂದಿನ ಆಡಿಯೋಗ್ರಾಮನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ಶ್ರವಣ ಕುಸಿಯುತ್ತಿದೆಯೇ ಎಂದು ತಿಳಿಯುವುದು. ಮುಂದೆ ಯಾವಾಗ ಬರಬೇಕೆಂದು ದಿನಾಂಕ ಬರೆಸಿಕೊಳ್ಳಿ. ಎರಡೂ ಕಡೆ ಇದ್ದ ಸದ್ದು ಒಂದೇ ಕಡೆಗೆ ಸರಿದರೆ, ಒಂದೇ ಸಮನಿದ್ದದ್ದು ನಾಡಿಯೊಂದಿಗೆ ಮಿಡಿಯತೊಡಗಿದರೆ, ಕಿವಿ ಮಂದವಾದರೆ, ತಲೆಸುತ್ತು ಹೊಸದಾಗಿ ಸೇರಿಕೊಂಡರೆ ಆ ದಿನಾಂಕಕ್ಕೆ ಕಾಯದೆ ಹೋಗಿ, ಏನು ಬದಲಾಯಿತು ಎಂಬುದನ್ನು ಅದೇ ಹಳೆಯ ಪುಟದ ಕೆಳಗೆ ಬರೆದು ವೈದ್ಯರ ಮುಂದಿಡಿ.